ಈ ವಯಸ್ಸಿನಲ್ಲಿ ಓಟವೇ?

"ಮಕ್ಕಳ ಮದುವೆಯೂ ಆಯ್ತು, ಇನ್ನು ನನಗ್ಯಾಕೆ ಓಟ-ಆಟ? ನೋಡಿದವರು ನಗೋಲ್ವೇ?" ಎನ್ನುತ್ತೀರಾ, ಸೋದರಿ? ಹಾಗಾದರೆ ಪಂಜಾಬಿನ ಮನ್ ಕೌರ್ ಅಜ್ಜಿಯ ಕಥೆ ಕೇಳಿ. ಮಗನ ಒತ್ತಾಯಕ್ಕೆ ಅವರು ಓಟದ ಮೈದಾನಕ್ಕೆ ಇಳಿದದ್ದು 93ನೆಯ ವಯಸ್ಸಿನಲ್ಲಿ! 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ, 101ನೆಯ ವಯಸ್ಸಿನಲ್ಲಿ, 100 ಮೀಟರನ್ನು 74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಆ ವಯಸ್ಸಿನ ಗುಂಪಿನಲ್ಲಿ ಎದುರಾಳಿಯೇ ಇರಲಿಲ್ಲ. "ಮತ್ತೆ ಅದೆಂಥ ಗೆಲುವು?" ಅಂದಿರಾ? ಅಲ್ಲೀವರೆಗೆ ಬಂದು ನಿಂತದ್ದೇ ಗೆಲುವು! 2021ರಲ್ಲಿ, 105ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಹಿರಿಯರ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಮೇಲೆ ಐದೈದು ವರ್ಷಕ್ಕೊಂದು ಗುಂಪು. ನಿಮಗೆ 52 ಆಗಿದ್ದರೆ 50ರಿಂದ 54ರವರ ಜೊತೆ ಸ್ಪರ್ಧೆ. ಇಪ್ಪತ್ತರ ಹುಡುಗಿಯ ಜೊತೆ ಅಲ್ಲ.

ಆದರೆ ಅವಸರ ಬೇಡಿ. ಮೊದಲು ಡಾಕ್ಟರ ಬಳಿ ಬಿ.ಪಿ., ಸಕ್ಕರೆ ಅಂಶ ಪರೀಕ್ಷಿಸಿಕೊಳ್ಳಿ. ಮಂಡಿನೋವಿದ್ದರೆ ಮುಚ್ಚಿಡದೆ ಹೇಳಿ. ಕೆಲವು ವಾರ ಬರೀ ನಡಿಗೆ, ಆಮೇಲೆ ನಡುನಡುವೆ ನಿಧಾನದ ಓಟ. ಚಪ್ಪಲಿ ಬೇಡ, ಬೂಟು ಹಾಕಿ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರನ್ನು ಕಾಣಿ.

ನಗುವವರು ನಗಲಿ ಬಿಡಿ. ಮನೆಯವರಿಗೆ ಮಾತ್ರ ಇವತ್ತೇ ಹೇಳಿಬಿಡಿ: "ಬೆಳಗಿನ ಅರ್ಧ ಗಂಟೆ ನನ್ನದು. ಕಾಫಿ ನೀವೇ ಮಾಡಿಕೊಳ್ಳಿ!"