ವಿಜ್ಞಾನದ ಹೆಸರು, ಸೇನೆಯ ಗೋಡೆ

2009ರ ಏಪ್ರಿಲ್ 20ರಂದು ರಿಸ್ಯಾಟ್-2 ನಭಕ್ಕೇರಿದಾಗ, ನೆರೆ, ಚಂಡಮಾರುತಗಳಂತಹ ವಿಪತ್ತುಗಳ ನಿರ್ವಹಣೆಗೆ ಅದು ನೆರವಾಗಲಿದೆಯೆಂದು ಇಸ್ರೋ ಹೇಳಿತು. ಇಸ್ರೇಲಿನಿಂದ ಬಂದಿದ್ದ ಅದರ ರಾಡಾರ್ ಮೋಡವನ್ನೂ ಕತ್ತಲನ್ನೂ ಭೇದಿಸಿ ನೋಡಬಲ್ಲದಾಗಿತ್ತು. ಮುಂಬೈ ದಾಳಿಯ ಬೆನ್ನಲ್ಲೇ ಹಾರಿದ ಅದು ಗಡಿ ಕಾಯುವ ಕಣ್ಣೆಂಬುದು ಬಹಿರಂಗ ರಹಸ್ಯವಾಗಿತ್ತು. ಅದೇ ಅಕ್ಟೋಬರಿನಲ್ಲಿ ನೆರೆ ಬಂದು ರಾಯಚೂರು ಜಿಲ್ಲೆಯ ಹಳ್ಳಿಗಳು ಮುಳುಗಿದವು. ಆ ಕಣ್ಣು ತನ್ನತ್ತ ಎಷ್ಟು ಹೊತ್ತು ಹೊರಳಿತೆಂದು ಕುರ್ಡಿಯ ರೈತ ಕೇಳಿದರೆ ಉತ್ತರಿಸುವವರು ಯಾರು?

ರಕ್ಷಣೆಗೆ ಗೌಪ್ಯವೇ ಬೇಡವೆಂದು ನಾವು ವಾದಿಸುವುದಿಲ್ಲ. ನಾವೆಲ್ಲ ಅಭಿಮಾನದಿಂದ ನೆನೆಯುವ ಅಬ್ದುಲ್ ಕಲಾಂ ಅವರು 1980ರಲ್ಲಿ ಎಸ್‌ಎಲ್‌ವಿ-3 ಮೂಲಕ ಉಪಗ್ರಹ ಹಾರಿಸಿದರು. 1989ರಲ್ಲಿ ಪರೀಕ್ಷೆಗೊಳಗಾದ ಅಗ್ನಿ ಕ್ಷಿಪಣಿಯ ಮೊದಲ ಹಂತ ಆ ರಾಕೆಟ್ಟಿನಿಂದಲೇ ಬಂದದ್ದು. ಇದನ್ನು ಯಾರೂ ಬಚ್ಚಿಡಲಿಲ್ಲ.

ನಮ್ಮ ತಕರಾರು ಚಳ್ಳಕೆರೆಯಂತಹ ಕಡೆಗಳ ಬಗ್ಗೆ. ಅಲ್ಲಿನ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಹುಲ್ಲುಗಾವಲನ್ನು ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹಂಚಿ 'ವಿಜ್ಞಾನ ನಗರ'ವೆಂದು ಕರೆಯಲಾಯಿತು. ಒಂದೆಡೆ ಚಾಲಕರಹಿತ ಯುದ್ಧವಿಮಾನಗಳ ಪರೀಕ್ಷೆ, ಇನ್ನೊಂದೆಡೆ ಯುರೇನಿಯಂ ಸಂವರ್ಧನೆಯ ಯೋಜನೆ. ಎಂಥ ವಿಜ್ಞಾನವಿದು! ಕುರಿಗಾಹಿಗಳಿಗೆ ವಿಷಯ ಮನವರಿಕೆಯಾದದ್ದು ಗೋಡೆ ಏಳತೊಡಗಿದಾಗ. ತಲೆಮಾರುಗಳಿಂದ ಮೇಯಿಸಿದ ನೆಲದ ಪ್ರಶ್ನೆ ಚೆನ್ನೈನ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಯಿತು.

ಶಸ್ತ್ರದ ನಕ್ಷೆಯನ್ನು ನಾವು ಕೇಳುತ್ತಿಲ್ಲ. ಸೇನೆಗೆ ಬೇಕಾದ ನೆಲವನ್ನು ಸೇನೆಯ ಹೆಸರಿನಲ್ಲಿಯೇ, ಗ್ರಾಮಸಭೆಯ ಮುಂದೆ, ಗೋಡೆ ಕಟ್ಟುವ ಮೊದಲು ಕೇಳಬೇಕೆಂಬುದಷ್ಟೇ ನಮ್ಮ ಆಗ್ರಹ.