ಮ್ಯೂಸಿಯಮ್ಮಿಗೆ ಹೋಗದ ಕಲ್ಲು

ಮಧುಗಿರಿಗೆ ಹೋಗಿಬಂದೆ ಅಂದರೆ ನಮ್ಮ ಆಫೀಸಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ತುದಿವರೆಗೂ ಹತ್ತಿದ್ಯಾ?’ ಒಂದೇ ಬಂಡೆಯ ಬೆಟ್ಟ, ಸಮುದ್ರಮಟ್ಟದಿಂದ 3,930 ಅಡಿ, ಬೆಂಗಳೂರಿನಿಂದ ನೂರು ಚಿಲ್ಲರೆ ಕಿಲೋಮೀಟರು. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕೋಟೆಯಲ್ಲಿ ಒಬ್ಬ ರಾಣಿ ಸೆರೆಯಲ್ಲಿದ್ದಳು ಅನ್ನೋದು ಗೊತ್ತಿದ್ದರೆ ಹತ್ತುವ ಅನುಭವವೇ ಬೇರೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಇಲ್ಲಿ ಸೆರೆಯಿಟ್ಟ. ಬಿದನೂರು ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರ, ತಿಂಗಳುಗಟ್ಟಲೆ ಮಳೆ ಹುಯ್ಯುವ ಊರು. ಅಲ್ಲಿಂದ ಬಂದವಳ ಕಣ್ಣೆದುರು ಇಲ್ಲಿ ಕಾದ ಬಂಡೆ, ಕೆಳಗೆ ಒಣಹೊಲ. 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಹಿಡಿದಾಗ ಬಿಡುಗಡೆ ಆಯಿತು. ಪುಣೆಗೆ ಹೊರಟವಳು ದಾರಿಯಲ್ಲೇ ತೀರಿಕೊಂಡಳು. ಬಂಡೆಯಲ್ಲಿ ಕೊರೆದ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ನಿಂತಾಗ ನನ್ನ ತಲೆಯಲ್ಲಿದ್ದದ್ದು ಅದೊಂದೇ ಲೆಕ್ಕ: ನಾಲ್ಕು ವರ್ಷ.

ಶಿರಾ ಕಥೆ ಇನ್ನೂ ಮಜಾ ಇದೆ. ಪುಣೆ ಹೈವೇಯಲ್ಲಿ ನಮಗೆ ಅದೊಂದು ಬೈಪಾಸು, ಹೆಚ್ಚೆಂದರೆ ಕಾಫಿಗೆ ಗಾಡಿ ನಿಲ್ಲಿಸುವ ಜಾಗ. ಆದರೆ 1687ರಿಂದ ಅದು ಮೊಗಲರ ಒಂದು ಪ್ರಾಂತ್ಯದ ರಾಜಧಾನಿ. ಅದರ ಕೆಳಗೆ ಏಳು ಪರಗಣಗಳು. ಕೋಲಾರ, ದೊಡ್ಡಬಳ್ಳಾಪುರ, ಹೊಸಕೋಟೆ ಎಲ್ಲ ಅದರೊಳಗೇ. ಹೊಸಕೋಟೆ ಬಿರಿಯಾನಿಗೆ ನಸುಕಿನಲ್ಲಿ ಕ್ಯೂ ನಿಲ್ಲುವವರೇ, ಆ ಊರಿನ ಹೆಡ್ ಆಫೀಸು ಒಂದು ಕಾಲದಲ್ಲಿ ಶಿರಾದಲ್ಲಿತ್ತು! ಬೆಂಗಳೂರನ್ನು ಹಿಡಿದು ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಕೊಟ್ಟ ಖಾಸಿಂ ಖಾನನೇ ಶಿರಾದ ಮೊದಲ ಫೌಜುದಾರ. ಮೂರು ಲಕ್ಷಕ್ಕೆ ಇವತ್ತು ಬೆಂಗಳೂರಲ್ಲಿ ಒಂದು ಡಬಲ್ ಬೆಡ್‌ರೂಮ್ ಮನೆಯ ಅಡ್ವಾನ್ಸ್ ಆಗಬಹುದು ಅಷ್ಟೇ.

ಶಿರಾದಲ್ಲಿ ನೋಡಲೇಬೇಕಾದವು ಎರಡು. ಬಿಜಾಪುರದ ಕಡೆಯಿಂದ ಆಳಿದ ಮಲಿಕ್ ರಿಹಾನನ ಗೋರಿ, 1651ರದ್ದು. ಕಲ್ಲಿನಲ್ಲೇ ಕಟ್ಟಿದ ಜುಮ್ಮಾ ಮಸೀದಿ, 1696ರದ್ದು. ಇವೆರಡೂ ನಿಂತಿವೆ. ನಿಲ್ಲದೇ ಹೋದದ್ದು ದಿಲಾವರ್ ಖಾನನ ಅರಮನೆ. ಬೆಂಗಳೂರು, ಶ್ರೀರಂಗಪಟ್ಟಣದ ಹೈದರ್-ಟಿಪ್ಪು ಅರಮನೆಗಳಿಗೆ ಅದೇ ಮಾದರಿ ಅಂತ ಲೂಯಿಸ್ ರೈಸ್ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಇಲ್ಲಿನ ಖಾನ್ ಬಾಗ್ ತೋಟ ನೋಡಿಯೇ ಲಾಲ್‌ಬಾಗಿನ ಯೋಚನೆ ಹುಟ್ಟಿರಬಹುದು ಅನ್ನೋ ಮಾತೂ ಅಲ್ಲಿದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕಾಪಿ ಇನ್ನೂ ಪ್ರೊಡಕ್ಷನ್‌ನಲ್ಲಿದೆ, ಒರಿಜಿನಲ್ ಡಿಲೀಟ್ ಆಗಿದೆ.

ಪಾವಗಡ ಅಂದ ತಕ್ಷಣ ಶನಿಮಹಾತ್ಮನ ದೇವಸ್ಥಾನ, ಇಲ್ಲವೇ ತಿರುಮಣಿ ಸುತ್ತಲಿನ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನೆನಪಾಗುತ್ತೆ. ಅದೇ ತಾಲ್ಲೂಕಿನ ನಿಡಗಲ್ಲು ಬೆಟ್ಟದಿಂದ, ತಮ್ಮನ್ನು ಚೋಳ ಕುಲದವರು ಅಂತ ಕರೆದುಕೊಂಡವರು ಹೊಯ್ಸಳರಿಗೇ ಸೆಡ್ಡು ಹೊಡೆದಿದ್ದರು. ಕೊರಟಗೆರೆ ಕಡೆ ಚನ್ನರಾಯನದುರ್ಗ ಇದೆ. ಜನ ಕಡಿಮೆ, ಗಾಳಿ ಜಾಸ್ತಿ. ನನ್ನ ಓಟು ಅದಕ್ಕೇ.

ಇವೆಲ್ಲ ಒಂದು ಎ.ಸಿ. ಹಾಲಿನೊಳಗೆ ಟಿಕೆಟ್ ಕೊಟ್ಟು ನೋಡೋ ವಸ್ತುಗಳಲ್ಲ. ಈ ನಾಲ್ಕು ತಾಲ್ಲೂಕಿನ ಮ್ಯೂಸಿಯಂ ಬಯಲಲ್ಲೇ ಹರಡಿದೆ. ಅದರ ಒಂದು ತುಣುಕು ನಮ್ಮ ಹೊಲದಲ್ಲೂ ಇದೆ, ಸದ್ಯಕ್ಕೆ.

ಕೊರಟಗೆರೆ ಸೀಮೆಯಲ್ಲಿ ನಮ್ಮ ಚಿಕ್ಕಪ್ಪನ ಪಾಲಿಗೆ ಬಂದ ಕಡಲೆಕಾಯಿ ಹೊಲದ ನಡುವೆ ಒಂದು ವೀರಗಲ್ಲು. ಕೆಳಗಿನ ಸಾಲಿನಲ್ಲಿ ಕತ್ತಿ ಹಿಡಿದವನು, ಪಕ್ಕದಲ್ಲಿ ಎರಡು ಹಸು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗ. ಅಂದರೆ ತುರು ಕಾಯಲು ಹೋಗಿ ಸತ್ತವನು. ಅಜ್ಜಿ ಇರೋವರೆಗೆ ಯುಗಾದಿಗೆ ಕುಂಕುಮ ಇಡುತ್ತಿದ್ದಳು. ರೈಸ್ ಅವರು 1904ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿಗೆಲ್ಲ ತಾಲ್ಲೂಕುವಾರು ನಂಬರ್ ಇದೆ. ಅದರ ಪಿಡಿಎಫ್ ಇಳಿಸಿಕೊಂಡು ಎರಡು ರಾತ್ರಿ ಹುಡುಕಿದೆ. ನಮ್ಮ ಕಲ್ಲು ಇಲ್ಲ. ಇರೋದಾದರೂ ಹೇಗೆ? ಅದರ ಮೇಲೆ ಅಕ್ಷರವೇ ಇಲ್ಲ.

ಈಗ ತಮ್ಮನಿಗೆ, ಅಂದರೆ ಚಿಕ್ಕಪ್ಪನ ಮಗನಿಗೆ, ಬೋರ್ ಕೊರೆಸಬೇಕಾಗಿದೆ. ‘ಅಣ್ಣ, ರಿಗ್ ಲಾರಿ ಒಳಗೆ ಬರೋಕೆ ಅದೇ ಅಡ್ಡ. ನೀನು ವರ್ಷಕ್ಕೊಂದ್ಸಲ ಬಂದು ಫೋಟೋ ಹೊಡ್ಕಂಡು ಹೋಗ್ತೀಯ, ನೀರಿಗೆ ಒದ್ದಾಡೋನು ನಾನು’ ಅಂದ. ಹಿಂದಿನ ಎರಡು ಬೋರು ಬತ್ತಿವೆ. ಅವನ ಮಾತಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ.

ಮ್ಯೂಸಿಯಮ್ಮಿಗೆ ಕೊಟ್ಟರೆ? ಗಂಗರ ಕಾಲದ ಬೇಗೂರಿನ ದೊಡ್ಡ ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಸೇರಿದ್ದರಿಂದಲೇ ನನ್ನಂಥವನು ಅದನ್ನು ಹತ್ತಿರದಿಂದ ನೋಡಿದ್ದು. ಆದರೆ ಅದರಲ್ಲಿ ನಾಗತ್ತರನ ಹೆಸರಿದೆ, ಯುದ್ಧದ ವಿವರ ಇದೆ. ಕಲ್ಲು ಎಲ್ಲಿಗೆ ಹೋದರೂ ಅದರ ಕಥೆ ಜೊತೆಗೇ ಹೋಗುತ್ತೆ. ನಮ್ಮವನಿಗೆ ಹೆಸರಿಲ್ಲ. ಅವನು ಯಾವ ಊರಿನ ದನಕ್ಕಾಗಿ ಸತ್ತ ಅನ್ನೋದಕ್ಕೆ ಉಳಿದಿರೋ ಸಾಕ್ಷಿ ಅವನು ನಿಂತ ಜಾಗ ಮಾತ್ರ. ಅಲ್ಲಿಂದ ಕಿತ್ತರೆ ಅದೂ ಹೋಯಿತು.

ಎರಡು ವಾರ ಫೋನಿನಲ್ಲಿ ಜಗ್ಗಾಡಿದ ಮೇಲೆ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಲಾರಿ ಹೊಲದ ಬಡಗಣ ಬದು ಒಡೆದು ಬರುತ್ತೆ. ಬದು ಮತ್ತೆ ಕಟ್ಟಿಸೋ ಜೆಸಿಬಿ ಖರ್ಚು ನನ್ನದು. ಕಲ್ಲು ಇದ್ದಲ್ಲೇ ಇರುತ್ತೆ, ಸುತ್ತ ನಾಲ್ಕಡಿ ಉಳುವಂತಿಲ್ಲ. ಅಳತೆ, ಲೊಕೇಶನ್, ನಾಲ್ಕು ಕಡೆಯ ಫೋಟೋ ಸೇರಿಸಿ ಪುರಾತತ್ವ ಇಲಾಖೆಗೆ ಬರೆದಿದ್ದೇನೆ. ರಿಗ್ ಮುಂದಿನ ಗುರುವಾರ ಬರುತ್ತೆ. ರಜೆ ಹಾಕಿದ್ದೇನೆ. ‘ಬರೋವಾಗ ಕುಂಕುಮ ತಗೊಂಡ್ಬಾ, ಮನೇಲಿರೋದು ಖಾಲಿಯಾಗಿದೆ’ ಅಂತ ಚಿಕ್ಕಮ್ಮ ಹೇಳಿದ್ದಾರೆ.