ಒಂದಕ್ಕೆ ಮಾತ್ರ ಗುರುತು ಹಾಕಿ

ವಿಮಾನ ಸಿಡ್ನಿ ತಲುಪಲು ಇನ್ನು ಎರಡು ಗಂಟೆ ಇದೆ ಅನ್ನುವಾಗ ಗಗನಸಖಿ ಬಂದು ಒಂದು ಕಾರ್ಡು ಕೊಟ್ಟು ಹೋದಳು. ಹೆಸರು, ಪಾಸ್‌ಪೋರ್ಟ್ ನಂಬರು ಎಲ್ಲ ತುಂಬಿದ್ದಾಯ್ತು. ಆಮೇಲೆ ಒಂದು ಪ್ರಶ್ನೆ, ನೀವು ಆಸ್ಟ್ರೇಲಿಯಾಕ್ಕೆ ಬರುತ್ತಿರುವ ಮುಖ್ಯ ಕಾರಣ ಏನು ಅಂತ. ಕೆಳಗೆ ವ್ಯಾಪಾರ, ಉದ್ಯೋಗ, ಓದು, ರಜೆ, ನೆಂಟರ ಭೇಟಿ ಅಂತ ಸಾಲಾಗಿ ಚೌಕಗಳು. ಒಂದಕ್ಕೆ ಮಾತ್ರ ಗುರುತು ಹಾಕಬೇಕಂತೆ. ನನ್ನ ವೀಸಾದ ಹೆಸರೇ 'ವರ್ಕ್ ಅಂಡ್ ಹಾಲಿಡೇ'. ಯಾವುದಕ್ಕೆ ಹಾಕೋದು ಮಾರಾಯ್ರೆ?

ಪಕ್ಕದ ಸೀಟಿನಲ್ಲಿ ಮಗಳ ಬಾಣಂತನಕ್ಕೆ ಹೊರಟಿದ್ದ ದಾವಣಗೆರೆಯ ಅಮ್ಮ ಒಬ್ಬರಿದ್ದರು. ಅವರ ಕಾರ್ಡನ್ನೂ ನಾನೇ ತುಂಬಿಕೊಟ್ಟೆ. ಬ್ಯಾಗಿನಲ್ಲಿ ಅಂಟಿನುಂಡೆ, ಲೇಹ್ಯ, ಚಟ್ನಿಪುಡಿ ಎಲ್ಲ ಇತ್ತು. "ಇಲ್ಲ ಅಂತ ಬರ್ದುಬಿಡಪಾ, ಸುಮ್ನೆ ಯಾಕೆ ತಲಿಬಿಸಿ" ಅಂದರು. ಬೇಡಮ್ಮಾ, ಇದೆ ಅಂತ ಬರೆದು ತೋರಿಸಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಬೀಳುತ್ತೆ ಅಂತ ಹೇಳಿ ಒಪ್ಪಿಸಿದೆ. ಅವರ ಅಂಟಿನುಂಡೆ ಪಾಸಾಯ್ತು. ನಮ್ಮಮ್ಮ ನನಗೆ ಗೊತ್ತಿಲ್ಲದೆ ಅವಲಕ್ಕಿ ಕವರಿನೊಳಗೆ ತುರುಕಿದ್ದ ಹಸಿ ಕರಿಬೇವು ಮಾತ್ರ ಕಸದ ಬುಟ್ಟಿಗೆ ಹೋಯ್ತು.

ಅದಿರಲಿ. ಅವರು ನನ್ನ ಕಾರ್ಡಿನ ಕಡೆ ನೋಡಿ, "ನೀನು ರಜಕ್ಕೆ ಹೊಂಟೀಯೋ, ಕೆಲ್ಸಕ್ಕೆ ಹೊಂಟೀಯೋ?" ಅಂತ ಕೇಳಿದರು.

"ಎರಡೂ ಅಮ್ಮಾ."

"ಅದ್ಹೆಂಗಪಾ ಆಗುತ್ತೆ?"

ನಾನು ರಜೆಗೆ ಗುರುತು ಹಾಕಿದೆ. 2025ರ ಸೆಪ್ಟೆಂಬರ್‌ನಲ್ಲಿ ಇಳಿದ ದಿನದಿಂದ ಎಲ್ಲರೂ ಕೇಳುತ್ತಿರುವುದು ಅದೇ ಪ್ರಶ್ನೆ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಆಸ್ಟ್ರೇಲಿಯಾ ಈ ಪದ್ಧತಿ ಶುರು ಮಾಡಿದ್ದು 1975ರಲ್ಲಿ, ಮೊದಲಿಗೆ ಬ್ರಿಟನ್, ಐರ್ಲೆಂಡ್, ಕೆನಡಾದ ಹುಡುಗ ಹುಡುಗಿಯರಿಗೆ. ಒಂದು ವರ್ಷ ದೇಶ ಸುತ್ತಿ, ಕೈಖರ್ಚಿಗೆ ಅಲ್ಲಲ್ಲಿ ದುಡಿಯಿರಿ ಅಂತ. 2022ರ ವ್ಯಾಪಾರ ಒಪ್ಪಂದದ ದೆಸೆಯಿಂದ ನಮಗೂ ಬಾಗಿಲು ತೆರೆಯಿತು. 18ರಿಂದ 30 ವಯಸ್ಸಿನ ಭಾರತೀಯರಿಗೆ ವರ್ಷಕ್ಕೆ 1000 ಜಾಗ, ಚೀಟಿ ಎತ್ತಿ ಆಯ್ಕೆ. ಮೊದಲ ಚೀಟಿ 2024ರ ಅಕ್ಟೋಬರ್‌ನಲ್ಲಿ. 25 ಡಾಲರ್ ಕಟ್ಟಿ ಹೆಸರು ಕೊಟ್ಟೆ, ಬಂತು. ಮೂವತ್ತರ ಗಡಿ ಕಣ್ಣೆದುರಿಗೇ ಇತ್ತು, ಕೆಲಸಕ್ಕೆ ರಾಜೀನಾಮೆ ಬರೆದೆ. ಒಬ್ಬರ ಹತ್ತಿರ ಆರು ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವ ಹಾಗಿಲ್ಲ. ಎರಡನೇ ವರ್ಷ ಉಳಿಯಬೇಕಾದರೆ ಗೊತ್ತುಪಡಿಸಿದ ಊರುಗಳಲ್ಲಿ ಗೊತ್ತುಪಡಿಸಿದ ಕೆಲಸ ಮೂರು ತಿಂಗಳು ಮಾಡಿರಬೇಕು. ಹೆಚ್ಚಿನವರು ಹಣ್ಣು ಕೀಳಲು ಹೋಗುತ್ತಾರೆ.

ಇಲ್ಲೊಂದು ತಮಾಷೆ ಇದೆ. ಬ್ರಿಟನ್ನಿನ ಹುಡುಗನಿಗೆ ಚೀಟಿ ಇಲ್ಲ, ಡಿಗ್ರಿ ಬೇಕಿಲ್ಲ, ವಯಸ್ಸಿನ ಮಿತಿ 35. 2024ರ ಜುಲೈಯಿಂದ ಅವನಿಗೆ ಆ ಮೂರು ತಿಂಗಳ ತೋಟದ ಕೆಲಸದ ಷರತ್ತೂ ಇಲ್ಲ. ನಮಗಾದರೆ ಪಿಯುಸಿ ಮೇಲೆ ಕನಿಷ್ಠ ಎರಡು ವರ್ಷ ಓದಿರಲೇಬೇಕು. ಅಂದರೆ ಹಣ್ಣು ಕೀಳಲು ನನ್ನ ಬಿ.ಇ. ಮಾರ್ಕ್ಸ್ ಕಾರ್ಡು ಉಪಯೋಗಕ್ಕೆ ಬಂತು. ನಾಲ್ಕು ವರ್ಷದ ಇಂಜಿನಿಯರಿಂಗ್ ದಂಡವಾಗಲಿಲ್ಲ ನೋಡಿ :-)

ಮೊದಲ ಎರಡು ವಾರ ವೆಸ್ಟ್‌ಮೀಡ್‌ನಲ್ಲಿ ಒಂದು ರೂಮು. ಬ್ಯಾಂಕು, ಸಿಮ್ಮು, ತೆರಿಗೆ ನಂಬರಿನ ಅರ್ಜಿ.. ಇದೆಲ್ಲ ಸುಲಭ. ಕಷ್ಟವಾದದ್ದು ನಮ್ಮವರ ಮಾತು. ಪರಿಚಯವಾದ ಕನ್ನಡದವರೆಲ್ಲ ಮೊದಲು ಕೇಳಿದ್ದು, "ಇದ್ರಲ್ಲಿ ಪಿ.ಆರ್. ಆಗುತ್ತಾ?" ಆಗಲ್ಲ ಸಾರ್, ಅದಕ್ಕಲ್ಲ ಈ ವೀಸಾ ಅಂದರೆ ಮರುಕದಿಂದ ನೋಡುತ್ತಾರೆ. ಹಣ್ಣಿನ ತೋಟಕ್ಕೆ ಹೋಗುತ್ತೇನೆ ಅಂದಾಗ ಒಬ್ಬರು, "ಬೇಡಪ್ಪಾ, ಒಂದು ಕಾಂಟ್ರ್ಯಾಕ್ಟ್ ಕೋಡಿಂಗ್ ನೋಡ್ಕೋ. ಊರಲ್ಲಿ ಗೊತ್ತಾದ್ರೆ ಏನಂದುಕೊಳ್ತಾರೆ?" ಅಂದರು.

ಊರಲ್ಲಿ ಏನಂದುಕೊಳ್ಳುತ್ತಾರೆ ಅನ್ನುವುದಕ್ಕೆ ಅಪ್ಪ ಆಗಲೇ ವ್ಯವಸ್ಥೆ ಮಾಡಿಯಾಗಿತ್ತು. "ಮಗ ಆಸ್ಟ್ರೇಲಿಯಾದಲ್ಲಿ ಪ್ರಾಜೆಕ್ಟಿಗೆ ಹೋಗಿದಾನೆ ಅಂತ ಹೇಳಿದೀನಿ. ನೀನು ಯಾರ ಹತ್ರನೂ ಬಾಯಿ ಬಿಡಬೇಡ" ಅಂತ ಫೋನಿನಲ್ಲಿ ಹೇಳಿದರು. ನಾನೂ ಏನು ಹರಿಶ್ಚಂದ್ರನಲ್ಲ. ಆಫೀಸಿನಲ್ಲಿ 'ಕೆರಿಯರ್ ಬ್ರೇಕ್' ಅಂತ ಮೇಲ್ ಹಾಕಿ ಬಂದವನೇ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಸುಗ್ಗಿಯಲ್ಲಿ ಅಂಗಳದ ತುಂಬ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುತ್ತಿದ್ದರು. ಡಬ್ಬದ ಲೆಕ್ಕದ ಕೂಲಿ. ಒಮ್ಮೆ ನಾನೂ ಮೆಟ್ಟುಗತ್ತಿಯ ಮುಂದೆ ಕೂತಿದ್ದಕ್ಕೆ ಅಜ್ಜ ಬೈದು ಎಬ್ಬಿಸಿದ್ದರು, ಹೋಗಿ ಓದ್ಕೋ ಅಂತ. ಅದೇ ಕೆಲಸವನ್ನು ಡಾಲರಿಗೆ ಮಾಡುತ್ತೇನೆ ಅಂದಾಗಲೂ ಅದು ಪ್ರಾಜೆಕ್ಟು ಅನ್ನಿಸಿಕೊಳ್ಳಬೇಕಾದರೆ, ನಾವು ಆ ಹೆಂಗಸರ ಬಗ್ಗೆ ಇಷ್ಟು ವರ್ಷ ಏನಂದುಕೊಂಡಿದ್ದೆವು? ನನ್ನ ಸಿಟ್ಟು ಇಷ್ಟೇ. ಕೆಲಸ ಬೇಡದವರು ಮಾಡುವುದು ಬೇಡ, ಕೋಡಿಂಗ್ ಮಾಡಲಿ. ಆದರೆ ಮಾಡಿ ಬಂದು ಮುಚ್ಚಿಡುವುದು ಸರಿಯಲ್ಲ. ಹಾಗೆಯೇ 1000 ಜಾಗಗಳನ್ನು ಪಿ.ಆರ್.ನ ಹಿಂಬಾಗಿಲು ಅಂತ ಬಗೆದು ಬರುವವರು, ರಜೆಯನ್ನೂ ಕಳೆದುಕೊಂಡು ಪಿ.ಆರ್. ಕೂಡ ಸಿಗದೆ ಒದ್ದಾಡುತ್ತಾರೆ ಅಂತ ನನ್ನ ಅನಿಸಿಕೆ.

ಇಲ್ಲಿ ಎಲ್ಲ ಸ್ವರ್ಗ ಅಂತಲೂ ಅಲ್ಲ. ಹೀಗೆ ರಜೆಗೆ ಬಂದು ದುಡಿಯುವವರನ್ನು ತೋಟಗಳಲ್ಲಿ ಸುಲಿಯುತ್ತಾರೆ ಅಂತ 2016ರಲ್ಲಿ ಇಲ್ಲಿನ ಫೇರ್ ವರ್ಕ್ ಒಂಬುಡ್ಸ್‌ಮನ್ ವರದಿಯೇ ಹೇಳಿದೆ. ಎರಡನೇ ವರ್ಷದ ವೀಸಾದ ಆಸೆ ತೋರಿಸಿ ಕಡಿಮೆ ಕೊಡುವುದು ಸುಲಭ, ಯಾಕೆಂದರೆ ಕೆಲಸಗಾರ ಬಾಯಿ ಬಿಡುವುದಿಲ್ಲ. ಬಕೆಟ್ ಲೆಕ್ಕದಲ್ಲಿ ಕೊಟ್ಟರೂ ಗಂಟೆಗೆ ಇಂತಿಷ್ಟು ಕನಿಷ್ಠ ಸಿಗಲೇಬೇಕು ಅನ್ನುವ ನಿಯಮ ಬಂದದ್ದು 2022ರ ಏಪ್ರಿಲ್ 28ರಿಂದ. ಅದನ್ನು ಓದುವಾಗ ನಮ್ಮ ಡಬ್ಬದ ಲೆಕ್ಕ ನೆನಪಾಗದೆ ಇರಲಿಲ್ಲ. ನಿಧಾನಕ್ಕೆ ಸುಲಿಯುವ ಒಬ್ಬ ಅಜ್ಜಿ ಬರುತ್ತಿದ್ದಳು, ಅವಳಿಗೆ ಏನು ಸಿಗುತ್ತಿತ್ತೋ.

ಕಾಫ್ಸ್ ಹಾರ್ಬರ್ ಕಡೆಯ ಒಂದು ಬ್ಲೂಬೆರಿ ತೋಟದವರು ಕಳಿಸಿದ ಫಾರ್ಮಿನಲ್ಲಿ, ಕೊಯ್ಲಿನ ಅನುಭವ ಇದೆಯೇ ಅಂತ ಇತ್ತು. ತೋಟದ ಮನೆಯಲ್ಲೇ ಹುಟ್ಟಿ ಬೆಳೆದವನು 'ಇಲ್ಲ' ಅಂತ ಬರೆದೆ. ಸೆಂಟ್ರಲ್ ಸ್ಟೇಷನ್ನಿನಿಂದ ಒಂಬತ್ತು ಗಂಟೆ ರೈಲು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೇ ಸೊಂಟ ಹಿಡಿದುಹೋಗಿತ್ತು. ಪಕ್ಕದ ಸಾಲಿನ ತೈವಾನಿನ ಹುಡುಗಿ ನಾನು ಒಂದು ಬಕೆಟ್ ತುಂಬುವಷ್ಟರಲ್ಲಿ ಎರಡು ತುಂಬಿರುತ್ತಿದ್ದಳು.

ಮೊದಲ ವಾರದ ಸಂಬಳದ ಚೀಟಿಯ ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ, ನೀಲಿ ಕಲೆಯಾದ ಕೈಬೆರಳು ಸಮೇತ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದರು. ಮಳೆ, ಕೊಳೆರೋಗ, ಅಡಿಕೆ ಧಾರಣೆ ಎಲ್ಲ ಆದ ಮೇಲೆ ಮೆಲ್ಲಗೆ ಕೇಳಿದರು.

"ಅಲ್ಲಿ ಕೂಲಿ ಡಬ್ಬದ ಲೆಕ್ಕವಾ, ಗಂಟೆ ಲೆಕ್ಕವಾ?"

ಅರ್ಧ ಗಂಟೆ ಅದನ್ನೇ ವಿವರಿಸಿದೆ. ಊರಲ್ಲಿ ಮಾತ್ರ ನನ್ನ ಪ್ರಾಜೆಕ್ಟು ಇನ್ನೂ ನಡೆಯುತ್ತಿದೆಯಂತೆ.